ಶಾಲಿನ ಕೆಳಗಿನ ಕೈ

ಗುರಪಾದಪ್ಪ ಅಂತ ಒಬ್ಬ ಎತ್ತಿನ ವ್ಯಾಪಾರಿ ಇದ್ದ. ಕೃಷ್ಣಾ ಹೊಳಿ ಆಚೀಕಡಿ ದನದ ಸಂತಿಗಳ್ಯಾಗ ಅವನ ಹೆಸರು ಗೊತ್ತಿರಲಾರದವರು ಯಾರೂ ಇರಲಿಲ್ಲ. ನನಗಿಂತ ಒಂದು ಕೈ ಕಡಿಮಿನ ಅನ್ರಿ. ನಾ ಎತ್ತು ಮೇಯೋ ಸಪ್ಪಳ ಕೇಳೇ ಅದರ ವಯಸ್ಸು ಹೇಳ್ತಿದ್ದೆ, ಅವಂಗ ಬಾಯಿ ತೆಗಸಿ ಹಲ್ಲು ನೋಡಬೇಕಾಗ್ತಿತ್ತು. ಇರ್ಲಿ, ಕತಿ ಅವಂದು.

ಮಾರಾವ್ರು ಎತ್ತಿನ ಕೋಡಿಗೆ ಬಣ್ಣ ಹಚ್ಚತಾರ, ಕೊರಳಿಗೆ ಗೆಜ್ಜಿ ಕಟ್ಟತಾರ, ಬೆನ್ನ ಮ್ಯಾಲೆ ಝೂಲಾ ಹೊಚ್ಚತಾರ. ಝೂಲಾ ಅಂದ್ರ ಕನ್ನಡಿ ಬಿಲ್ಲಿ ಹಚ್ಚಿದ ಬಣ್ಣದ ಅರಿವಿ. ನೋಡಾಕ ಎತ್ತು ಮದುಮಗ ಆದಂಗ ಕಾಣತೈತಿ. ಗುರಪಾದಪ್ಪಗ ಅದೆಲ್ಲ ನಡೀತಿರಲಿಲ್ಲ. "ಮದಲ ಝೂಲಾ ತೆಗಿ, ಆಮ್ಯಾಲೆ ಬಾಯಿ ತೆಗಿ" ಅಂತಿದ್ದ. ಎತ್ತಿನ ಖರೇ ಸುದ್ದಿ ಝೂಲಾದ ಕೆಳಗ ಇರತೈತಿ. ಬಾರಕೋಲಿನ ಬಾಸುಂಡಿ ಐತೋ, ನೊಗ ತಿಂದ ಗಾಯ ಐತೋ, ಎಲುಬು ಎಣಸಾಕ ಬರತಾವೋ, ಎಲ್ಲಾ ಅಲ್ಲೇ.

ಇನ್ನೊಂದು ತಿಳಕೊಳ್ರಿ. ನಮ್ಮ ಸಂತ್ಯಾಗ ರೇಟು ಬಾಯಲೆ ಹೇಳಂಗಿಲ್ಲ. ಇಬ್ಬರ ಕೈ ಮ್ಯಾಲೆ ಒಂದು ಟವೆಲ್ ಹಾಕಿ, ಅದರ ಕೆಳಗ ಬಟ್ಟು ಹಿಡದು ಮಾತಾಡತೀವಿ. ಸುತ್ತಮುತ್ತ ನೂರು ಮಂದಿ ಇದ್ರೂ ಒಬ್ಬರಿಗೂ ತಿಳಿಯಂಗಿಲ್ಲ. ಆ ಬಟ್ಟಿನ ಮಾತಿನ್ಯಾಗ ಒಂದು ಗುರ್ತು ಐತಿ. ಹೆಬ್ಬಟ್ಟಿನ ಬುಡಕ್ಕ ಚೂಟಿದ್ರ, "ಐಬು ಐತಿ, ಝೂಲಾ ತೆಗದು ನೋಡು" ಅಂತ ಅರ್ಥ. ಮಾರಾವನ ಮಾರಿ ಮುಂದ ಹೇಳಾಕ ಬರದಿದ್ದಾಗ, ಬೇಕಾದಾವರಿಗೆ ಹಿಂಗ ಚೂಟಿ ಹೇಳತಿದ್ದಿವಿ.

ಗುರಪಾದಪ್ಪನ ಅವ್ವ ತೀರಿಕೊಂಡ ಮ್ಯಾಲೆ, ಪ್ರತಿವರ್ಷ ಆಕಿ ತಿಥಿ ದಿವಸ ಅವ ಊರ ಹೊರಗಿನ ವೃದ್ಧಾಶ್ರಮಕ್ಕ ಹೋಗತಿದ್ದ. ಒಂದು ಟ್ರಸ್ಟಿನವರು ನಡಸೋ ಮನಿ ಅದು. ವಾರದ ಮದಲ ಫೋನ ಮಾಡಿ ಹೇಳತಿದ್ದ. ಹೋಳಿಗಿ ಮಾಡಸತಿದ್ದ, ಎಲ್ಲಾರಿಗೂ ಒಂದೊಂದು ಶಾಲು ಹೊಚ್ಚತಿದ್ದ, ಫೋಟೋ ತೆಗಸತಿದ್ದ. "ತೃಪ್ತಿ ಆತೇನಬೇ ಯವ್ವಾ" ಅಂತ ಕೇಳಿದ್ರ ಎಲ್ಲಾರೂ ಗೋಣು ಹಾಕತಿದ್ರು. ಅರ್ಧಾ ಮಂದಿಗೆ ಹಲ್ಲಿಲ್ಲ, ಉಳದವರಿಗೆ ಸಕ್ಕರಿ ಬ್ಯಾನಿ. ಹೋಳಿಗಿ ಯಾರು ತಿಂದ್ರು ಅಂತ ಇವ ಕೇಳಲಿಲ್ಲ. ಊಟ ಮಾಡಿ, ಅವ್ವನ ಆತ್ಮಕ್ಕ ಶಾಂತಿ ಸಿಕ್ಕತು ಅಂತ ಮನಿಗೆ ಬರತಿದ್ದ. ಊರಾಗ ಅವನೊಬ್ಬನ ಅಲ್ಲ. ಹುಟ್ಟಿದ ಹಬ್ಬ, ಲಗ್ನದ ವಾರ್ಷಿಕ, ಏನ ಇದ್ರೂ ಮಂದಿ ಅಲ್ಲಿಗೇ ಶಾಲು ಒಯ್ಯತಿದ್ರು.

ಆ ಮನ್ಯಾಗ ಬಾಳವ್ವ ಅಂತ ಒಬ್ಬ ಮುದುಕಿ ಇದ್ಲು. ಸಂತಿ ಬಾಗಲದಾಗ ದನಕ್ಕ ಹಾಕೋ ಕಣಕಿ ಮೇವು ಮಾರಕೋತ ಹಣ್ಣಾದಾಕಿ. ನಾಲಿಗಿ ಅಂದ್ರ ಕುಡಗೋಲು. ಟೊಂಕದ ಎಲುಬು ಮುರದು ಏಳಾಕ ಬರದಂಗ ಆದಾಗ, ಓಣಿ ಮಂದಿ ತಂದು ಸೇರಿಸಿದ್ರು. ಬಾಜೂ ಹಾಸಿಗಿ ಚಂದ್ರಾಬಾಯಿದು. ಆಕಿಗೆ ಲಕ್ವಾ ಹೊಡದು ಅರ್ಧಾ ಮೈ ಹೋಗಿತ್ತು, ಮಾತೂ ಹೋಗಿತ್ತು. ಎಡಗೈ ಅಷ್ಟ ಆಡತಿತ್ತು. ಅಂಥಾವರನ್ನ ತಾಸಿಗೊಮ್ಮೆ ಎರಡು ತಾಸಿಗೊಮ್ಮೆ ಮಗ್ಗಲ ಹೊಳ್ಳಿಸಿ ಮಲಗಸಬೇಕು. ಇಲ್ಲಂದ್ರ ಬೆನ್ನು ಹುಣ್ಣಾಗಿ ಒಡೀತೈತಿ. ಯಾರೂ ಹೊಳ್ಳಸತಿರಲಿಲ್ಲ. ಒಡೀತು.

ಬಾಳವ್ವ ಆಯಾಗ ಹೇಳಿದ್ಲು. ಆಯಾ, ಕೈ ಬಿಡುವಿಲ್ಲ ಅಂದ್ಲು. ಮ್ಯಾನೇಜರ ಶ್ರೀಶೈಲಗ ಹೇಳಿದ್ಲು. ಅವ ಆಕಿ ಹಾಸಿಗಿ ಕಡೆ ಬಂದು ಸಣ್ಣ ದನಿಲೆ ಅಂದ: "ಇಲ್ಲಿ ಸರಿ ಬರಲಿಲ್ಲಂದ್ರ ಗಂಟು ಕಟ್ಟಬೇ. ಗೇಟು ತೆರದೈತಿ."

ಏಳಾಕ ಬರಲಾರದಾಕಿಗೆ ಗೇಟು ತೆರದಿದ್ರೇನು, ಮುಚ್ಚಿದ್ರೇನು. ಬಾಳವ್ವನ ಕುಡಗೋಲು ಅವತ್ತು ಮೊಂಡಾತು.

ಸರಕಾರದ ಸಾಹೇಬರೂ ತಪಾಸಣಿಗೆ ಬರತಿದ್ರು. ಅವರೂ ಫೋನ ಮಾಡೇ ಬರತಿದ್ರು. ಆ ದಿವಸ ನೆಲಕ್ಕ ಫಿನೈಲ್ ಬೀಳತಿತ್ತು, ಊದಿನಕಡ್ಡಿ ಹತ್ತತಿದ್ದವು, ಚಂದ್ರಾಬಾಯಿ ಮ್ಯಾಲೆ ಗಲ್ಲದತನಕ ಹೊಸಾ ಶಾಲು ಬೀಳತಿತ್ತು. ಸಾಹೇಬರು ಬಾಗಲದಾಗ ನಿಂತು ನೋಡಿ, ಚಾ ಕುಡದು ಹೋಗತಿದ್ರು.

ಆ ವರ್ಷ ಗುರಪಾದಪ್ಪ ಬಂದ. ಮ್ಯಾನೇಜರ ಬಗಲಾಗ, ಫೋಟೋದಾವ ಮುಂದ. ಬಾಳವ್ವಗ ಶಾಲು ಹೊಚ್ಚಾಕ ಬಗ್ಗಿದ.

"ಏ ಗುರಪಾದ, ನನ್ನ ಕಣಕಿ ಸಿವುಡಿಗೆಲ್ಲ ಚೌಕಾಸಿ ಮಾಡತಿದ್ದಿ. ಈಗ ಶಾಲು ಹಂಚೂವಷ್ಟು ದೊಡ್ಡಾವ ಆದ್ಯೇನು?" ಅಂದ್ಲು.

ಎಲ್ಲಾರೂ ನಕ್ರು. ಇವನೂ ನಕ್ಕ. ಆಗ ಶಾಲಿನ ಕೆಳಗ ಆಕಿ ಇವನ ಕೈ ಹಿಡದ್ಲು. ಹೆಬ್ಬಟ್ಟಿನ ಬುಡಕ್ಕ ಚೂಟಿದ್ಲು.

ಮುದುಕಿ ಹಳೇ ಸಂತಿ ಚ್ಯಾಷ್ಟಿ ಮಾಡಾಕತ್ತಾಳ ಅಂತ ಇವ ತಿಳಕೊಂಡ. ಆಕಿ ಮತ್ತ ಚೂಟಿದ್ಲು. ಈ ಸಲ ಉಗುರು ಇಳೀತು. ಮಾರಿ ನಗತಿತ್ತು, ಕಣ್ಣು ನಗತಿರಲಿಲ್ಲ. ಕಣ್ಣು ಬಾಜೂ ಹಾಸಿಗಿ ಮ್ಯಾಲೆ ಇತ್ತು.

ಮ್ಯಾನೇಜರ, ಏನಾತ್ರಿ ಅಂತ ಕೇಳಿದ. ಏನಿಲ್ಲ, ಹಳೇ ಗುರ್ತಿನವರು ಅಂದ್ಲು ಬಾಳವ್ವ.

ಗುರಪಾದಪ್ಪ ಬಾಜೂ ಹಾಸಿಗಿಗೆ ಬಂದ. ಇವ ಇನ್ನೂ ಶಾಲು ಕೊಟ್ಟಿಲ್ಲ, ಚಂದ್ರಾಬಾಯಿ ಮ್ಯಾಲೆ ಆಗಲೇ ಒಂದು ಐತಿ. ಆಕಿಗೆ ಈಗರ ನಿದ್ದಿ ಹತ್ತೈತಿ, ಎಬ್ಬಸೂದು ಬ್ಯಾಡ, ಊಟಕ್ಕ ನಡೀರಿ, ಟ್ರಸ್ಟಿನ ಅಧ್ಯಕ್ಷರು ಎಲಿ ಮುಂದ ಕಾಯಾಕತ್ತಾರ ಅಂತ ಮ್ಯಾನೇಜರ ಗಡಿಬಿಡಿ ಮಾಡಿದ. ಚಂದ್ರಾಬಾಯಿ ಕಣ್ಣು ತೆರದೇ ಇದ್ದುವು.

ಗುರಪಾದಪ್ಪ ನಿಂತ. ಶಾಲು ಎತ್ತಿದ್ರ ಅವ್ವನ ತಿಥಿ ಕೆಡತೈತಿ, ಟ್ರಸ್ಟಿನವರ ಮಾನ ಹೋಗತೈತಿ, ಏನೂ ಇರದಿದ್ರ ಇವನ ಮಾನ ಹೋಗತೈತಿ. ಬಾಳವ್ವನ ಹಾಸಿಗಿಯಂತೂ ಸಂಜೀತನಕ ಉಳಿಯಂಗಿಲ್ಲ. ಮುದುಕಿ ತನ್ನ ಹಾಸಿಗಿ ಪಣಕ್ಕ ಇಟ್ಟು ಚೂಟ್ಯಾಳ ಅನ್ನೂದು ಅವನ ತಲ್ಯಾಗ ಆಗ ಹೊಳೀತು.

"ಝೂಲಾ ತೆಗೀತೀನಿ," ಅಂದ. ಎತ್ತಿದ. ಮೈ ಸ್ವಲ್ಪ ಹೊಳ್ಳಿಸಿದ.

ನೊಗ ತಿಂದ ಹೆಗಲು ನೋಡೀರೇನು? ಕರಿ ಚರ್ಮ ಹೋಗಿ ಒಳಗಿಂದು ಕಾಣೂವಂಥಾದ್ದು? ಆಕಿ ಬೆನ್ನು ಹಂಗಿತ್ತು. ಹೋಳಿಗಿ ವಾಸನಿ, ಊದಿನಕಡ್ಡಿ ವಾಸನಿ, ಅದರ ವಾಸನಿ, ಮೂರೂ ಕೂಡಿ ಬಂತು. ಫೋಟೋದಾವ ಕ್ಯಾಮರಾ ಇಳಿಸಿದ.

ಅಧ್ಯಕ್ಷರು ಓಡಿ ಬಂದ್ರು. ಮುಚ್ಚರಿ ಅಂದ್ರು. ಮನಿ ಹೆಸರು ಕೆಡತೈತಿ, ದಾನ ನಿಲ್ಲತೈತಿ, ಇರೋ ಮುದುಕರೂ ಬೀದಿಗೆ ಬೀಳತಾರ ಅಂದ್ರು. ಮ್ಯಾನೇಜರ ಗ್ವಾಡಿಗೆ ಒರಗಿ ಕುಂತ. ಅವಂಗೂ ಒಂದು ಮಾತಿತ್ತು.

"ಇಷ್ಟು ಮಂದಿಗೆ ಇಬ್ಬರು ಆಯಾ ಅದಾರ. ಇನ್ನಿಬ್ಬರನ್ನ ಕೊಡ್ರಿ ಅಂದ್ರ ಟ್ರಸ್ಟಿನವರು ಕೊಡಂಗಿಲ್ಲ. ನೀವು ಶಾಲು ತರತೀರಿ. ಒಂದು ಖೋಲಿ ತುಂಬ ಶಾಲು ಅದಾವ್ರಿ ಸಾಹುಕಾರ. ಹೊಳ್ಳಿಸಿ ಮಲಗಸೋ ಕೈ ಒಬ್ಬರೂ ತರಲಿಲ್ಲ."

"ಖರೇನ ಹೇಳಿದ," ಅಂದ್ಲು ಬಾಳವ್ವ. "ನಾ ಹೇಳಿದಾಗ ನಂಗ ಗೇಟು ತೋರಿಸಿದ್ದೂ ಖರೇನ."

ಆಮ್ಯಾಲೆ ಗುರಪಾದಪ್ಪನ ಕಡೆ ನೋಡಿದ್ಲು. "ಎತ್ತಾಗಿದ್ರ ಮದಲನೇ ವರ್ಷನ ತೆಗದು ನೋಡತಿದ್ದಿ."

 ಗುರಪಾದಪ್ಪ ಕೈಯಾಗಿನ ಶಾಲು ಕೆಳಗಿಟ್ಟು, ಗಾಡಿ ತರಸ್ರಿ ಅಂದ.

ಹೋಳಿಗಿ ಹಂಗ ಉಳದುವು. ಚಂದ್ರಾಬಾಯಿನ್ನ ದವಾಖಾನಿಗೆ ಒಯ್ದ್ರು. ಬಾಳವ್ವನ ಹಾಸಿಗಿಗೆ ಕೈ ಹಚ್ಚಿದ್ರ ಕೋರ್ಟಿಗೆ ಎಳೀತೀನಿ ಅಂತ ಗುರಪಾದಪ್ಪ ಎಲ್ಲಾರ ಮುಂದ ಹೇಳಿ ಹೋದ.

ಬ್ಯಾರೇದಾವ ಆಗಿದ್ರ ಅಲ್ಲಿಗೆ ಕೈ ತೊಳಕೋತಿದ್ದ. ಇವ ಟ್ರಸ್ಟಿನವರ ಮೀಟಿಂಗಿಗೆ ಹೋಗಿ ಕುಂತ. ಹೊಸಾ ಗಾದಿ ತರಸತೀವಿ ಅಂದ್ರು. "ಅದೂ ಝೂಲಾನ," ಅಂದ. ಇವ ಕೇಳಿದ್ದು ಬ್ಯಾರೆ. ಹೊಳ್ಳಸಾಕ, ತೊಳ್ಯಾಕ ಸಾಕಾಗುವಷ್ಟು ಮಂದಿ ಇಡ್ರಿ. ಯಾರು ಯಾವಾಗ ಬಂದ್ರೂ ಒಳಗ ಬಿಡ್ರಿ. ಮೀಟಿಂಗಿನ್ಯಾಗ ಅಲ್ಲಿರೋ ಮುದುಕರಲ್ಲೇ ಇಬ್ಬರನ್ನ ಕೂಡಿಸ್ರಿ. ತಕರಾರು ಹೇಳಿದವರಿಗೆ ಗೇಟು ತೋರಿಸಿದ್ರ, ತೋರಿಸಿದಾವನೇ ಗೇಟು ದಾಟಬೇಕು. ಇದೇನು ನಿಮ್ಮಪ್ಪನ ಮನಿ ಏನು ಅಂತ ಒಬ್ಬ ಕೇಳಿದ. ನನ್ನವ್ವನ ಹೆಸರಲೆ ಇಷ್ಟು ವರ್ಷ ಉಂಡೀರಲಾ ಅಂದ ಇವ.

ಅವರು ಬಗ್ಗಲಿಲ್ಲ. ತಪಾಸಣಿ ಸಾಹೇಬರ ಆಫೀಸಿಗೆ ಹೋದ. ತಪಾಸಣಿ ಆಗೇತಿ, ಎಲ್ಲಾ ಸರಿ ಐತಿ ಅಂದ್ರು.

"ಸಾಹೇಬರ, ಕೊಟಗಿ ಬಾಗಲದಾಗ ನಿಂತು ಎತ್ತು ಕೊಳ್ಳಾಕ ಬರತೈತೇನ್ರಿ?" ಅಂತ ಕೇಳಿದ.

ಅವರು ನಾಳೆ ಬಾ ಅಂದ್ರು. ನಾಳೆನೂ ಹೋದ, ಅದರ ನಾಳೆನೂ ಹೋದ. ಅಷ್ಟರಾಗ ಶಾಲು ಕೊಡತಿದ್ದವರ ಮನಿ ಮನಿಗೂ ತಿರಗಿದ. ಒಬ್ಬೊಬ್ಬರು, ಪುಣ್ಯದ ಕೆಲಸದಾಗ ಹುಳ ಹುಡುಕತಾನ ಅಂತ ಬೈದ್ರು. ಎಷ್ಟೋ ಮಂದಿ ತಲಿ ಕೆಳಗ ಹಾಕಿ, ಕೂಡ ಬರತೀವಿ ಅಂದ್ರು. ಎಲ್ಲಾರೂ ಕೂಡಿ ಆಫೀಸಿನ ಮುಂದ ನಿಂತ್ರು. ಇನ್ನ ಮ್ಯಾಲೆ ಶಾಲಿಲ್ಲ, ಹೋಳಿಗಿಲ್ಲ, ಆ ಖರ್ಚಿನ್ಯಾಗ ಆಯಾಗಳ ಪಗಾರ ಕೊಡತೀವಿ, ಲೆಕ್ಕ ಮಾತ್ರ ಎಲ್ಲಾರ ಮುಂದ ಆಗಬೇಕು ಅಂದ್ರು. ಆಗ ಟ್ರಸ್ಟಿನವರು, ಸಾಹೇಬರು, ಎರಡೂ ಕಡೆಯವರು ಬಗ್ಗಿದ್ರು. ನೂರು ಮಂದಿ ನೋಡಾಕ ನಿಂತ್ರ ಎಂಥಾ ಮೊಂಡ ಎತ್ತೂ ಹೆಜ್ಜಿ ಕೀಳತೈತಿ. ಇದು ನನ್ನ ಅನುಭವದ ಮಾತು, ಬರದಿಟ್ಟುಕೊಳ್ರಿ.

ಟ್ರಸ್ಟಿನವರು ಮದಲ ಮ್ಯಾನೇಜರನ್ನ ಅಷ್ಟ ತೆಗದು ಮುಗಸಾಕ ನೋಡಿದ್ರು. ಬಾಳವ್ವ ಬಿಡಲಿಲ್ಲ. ಆಕಿನ್ನ ಕುರ್ಚಿ ಸಮೇತ ಎತ್ತಿ ಮೀಟಿಂಗಿಗೆ ತಂದು ಕೂಡಿಸಿದ್ರು, ಅಲ್ಲೇ ಅಂದ್ಲು: "ಗಾಲಿ ಮುರದಾಗ ಎತ್ತು ಅಷ್ಟ ಮಾರಿದ್ರ ಗಾಡಿ ನಡೀತೈತೇನು? ಗಾಲಿ ಕಟ್ಟಸ್ರಿ." ಮ್ಯಾನೇಜರನ ಕೂಡ ಅಧ್ಯಕ್ಷರೂ ಕುರ್ಚಿ ಬಿಟ್ಟು ಇಳದ್ರು. ಆಯಾಗಳು ಬಂದ್ರು. ಸಾಹೇಬರು ಫೋನ ಮಾಡದ ಬರಾಕ ಕಲತ್ರು, ಹೊಚ್ಚಿಕಿ ಎತ್ತಿ ನೋಡಾಕೂ ಕಲತ್ರು.

ಚಂದ್ರಾಬಾಯಿ ಗಾಯ ಮಾಯಾಕ ಬಾಳ ದಿವಸ ಹಿಡೀತು. ಮಾದು ತಿರಗಿ ತನ್ನ ಹಾಸಿಗಿಗೆ ಬಂದ್ಲು.

ಮುಂದ ಒಂದು ದಿವಸ, ತಿಥಿ ಅಲ್ಲ ಏನಲ್ಲ, ಗುರಪಾದಪ್ಪ ಬರಿಗೈಲೆ ಹೋದ. ಯಾರಿಗೂ ಹೇಳಿರಲಿಲ್ಲ. ಗೇಟು ತೆಗದ್ರು. ಚಂದ್ರಾಬಾಯಿ ಬಾಜೂ ಕುಂತು, ಹೆಂಗದೀಬೇ ಯಕ್ಕಾ ಅಂದ. ಹೊಚ್ಚಿಕಿ ಕೆಳಗಿಂದ ಎಡಗೈ ಬಂತು. ಅವನ ಕೈ ಹಿಡೀತು. ಹೆಬ್ಬಟ್ಟಿನ ಬುಡಕ್ಕ ಚೂಟಿತು.

ಗುರಪಾದಪ್ಪ ತಟ್ಟನ ಹೊಚ್ಚಿಕಿ ಎತ್ತಿ ನೋಡಿದ. ಬೆನ್ನು ನೆಟ್ಟಗಿತ್ತು. ಹಾಸಿಗಿ ಹಸಿ ಆಗಿತ್ತು, ಅಷ್ಟ.

"ನಾನ ಕಲಿಸೀನಿ," ಅಂದ್ಲು ಬಾಜೂ ಹಾಸಿಗಿಯಿಂದ ಬಾಳವ್ವ. "ಬಾಯಿಲ್ಲದವರಿಗೆಲ್ಲಾ ಕಲಿಸೀನಿ. ಸುಮ್ಮನ ಕುಂದರಬ್ಯಾಡ, ಕರಿ."

ಗುರಪಾದಪ್ಪ ಆಯಾನ್ನ ಕರದ.

ಆಯಾ ಬಂದ್ಲು.

ನೀತಿ: ಮುದುಕರಿಗೆ ಶಾಲು ಹೊಚ್ಚೂದು ಸಣ್ಣ ಕೆಲಸ, ಹೊಚ್ಚಿದ ಶಾಲು ಎತ್ತಿ ನೋಡೂದು ದೊಡ್ಡ ಕೆಲಸ. ಅವರನ್ನ ನೋಡಿಕೊಳ್ಳೋ ಮನಿ ಹೇಳದ ಬಂದಾವರಿಗೂ ತೆರದಿರಬೇಕು. ತಪ್ಪು ಕಂಡ್ರ ನಡಸಾವರು, ತಪಾಸಣಿ ಮಾಡಾವರು, ದಾನ ಕೊಡಾವರು, ಎಲ್ಲಾರೂ ಉತ್ತರ ಹೇಳಬೇಕು. ಕರದಾಗ ಒಂದು ಕೈ ಬಂತಂದ್ರ ಅದು ಆಶ್ರಮ. ಬರಲಿಲ್ಲಂದ್ರ ಅದು ಬರೇ ಝೂಲಾ.