ತೂಗದೆ ತೆಗೆದ ಸೀಸ

"ಗುರುಗಳೇ, ಹಗುರಾದವನೇ ಬೇಗ ಗುರಿ ಮುಟ್ಟುತ್ತಾನಲ್ಲವೇ?" ಎಂದು ಶಿಷ್ಯ ಕೇಳಿದ.

ಅವನು ಮಠಕ್ಕೆ ಬಂದು ಐದು ತಿಂಗಳಾಗಿತ್ತು. ಹೆಂಡತಿಯನ್ನೂ ಎರಡು ತಿಂಗಳ ಮಗಳನ್ನೂ ಬಿಟ್ಟು ಬಂದಿದ್ದ. ಮನೆಯಲ್ಲಿ ಮಗು ಅಳುತ್ತದೆ, ಧ್ಯಾನಕ್ಕೆ ಕೂರಲು ಆಗುವುದಿಲ್ಲ ಎಂದು ಕಾರಣ ಹೇಳಿದ್ದ. ಮಗು ಈಗಲೂ ಅಳುತ್ತಿತ್ತು. ಕೇಳಿಸಿಕೊಳ್ಳಲು ಅಲ್ಲಿ ಹೆಂಡತಿಯೊಬ್ಬಳೇ ಇದ್ದಳು. ಮರುದಿನ ಅವನಿಗೆ ದೀಕ್ಷೆ ಆಗಬೇಕಿತ್ತು. ಆ ಮಠದಲ್ಲಿ ದೀಕ್ಷೆ ಪಡೆದವನು ಮತ್ತೆ ಮನೆಯ ಹೊಸಿಲು ತುಳಿಯುವಂತಿರಲಿಲ್ಲ.

"ಯಾಕೆ ಕೇಳುತ್ತೀಯ?" ಎಂದರು ಗುರುಗಳು.

"ಎಲ್ಲವನ್ನೂ ಇಳಿಸಿ ಬಂದಿದ್ದೇನೆ. ಹೊತ್ತು ಮೂಡುವ ಮೊದಲೇ ಎದ್ದು ಜಪಕ್ಕೆ ಕೂರುತ್ತೇನೆ. ಆದರೂ ನಿಂತಲ್ಲೇ ನಿಂತ ಹಾಗಿದೆ."

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೋಟಾರು ರಿಪೇರಿಯವನಿದ್ದ. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಪಕ್ಕದ ಮನೆಯಲ್ಲಿ ಒಬ್ಬ ಬಲೆ ಹೆಣೆಯುವವನಿದ್ದ. ಇಬ್ಬರೂ ಸೇರಿ ಎರಡು ವರ್ಷ ಕೂತು ಒಂದು ಪುಟ್ಟ ಲಾಂಚು ಕಟ್ಟಿದರು. ಹೊಳೆಯಲ್ಲಿ ಜನರನ್ನು ದಾಟಿಸುವ ದೊಡ್ಡ ಲಾಂಚಿನ ಅಳತೆ ತೆಗೆದು, ಎಲ್ಲವನ್ನೂ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದ್ದರು. ಉದ್ದ ನಾಲ್ಕು ಅಡಿ. ಒಳಗೆ ಬ್ಯಾಟರಿ, ಮೋಟಾರು. ಹಿಂದೆ ನೀರಿನಡಿಯಲ್ಲಿ ಹಿತ್ತಾಳೆಯ ಪಂಖ. ದಡದಲ್ಲಿ ನಿಂತು ಕೈಯಲ್ಲಿನ ರಿಮೋಟಿನಿಂದ ನಡೆಸಬೇಕು.

ಇಂಥ ದೋಣಿಯನ್ನು ಬರಿದಾಗಿ ನೀರಿಗಿಟ್ಟರೆ ಬೆಂಡಿನಂತೆ ಮೇಲೆ ತೇಲುತ್ತದೆ. ನಿಜವಾದ ಲಾಂಚು ಹಾಗೆ ತೇಲುವುದಿಲ್ಲ. ಅದು ಎಷ್ಟು ಮುಳುಗುತ್ತದೋ ಅಷ್ಟಕ್ಕೆ ಒಂದು ಗೆರೆ ಇರುತ್ತದೆ. ಗೆರೆಯ ಕೆಳಗೆ ಕೆಂಪು ಬಣ್ಣ, ಮೇಲೆ ಕಪ್ಪು. ಪುಟ್ಟ ದೋಣಿಯೂ ಅದೇ ಗೆರೆಯವರೆಗೆ ಮುಳುಗಬೇಕೆಂದು ತಳದಲ್ಲಿ ಸೀಸ ತುಂಬುತ್ತಾರೆ. ಅದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬ, ದೋಣಿ ತೇಲಿಸಿದ ನೀರಿನ ತೊಟ್ಟಿಯ ಅಂಚಿಗೆ ಕೆನ್ನೆ ಇಟ್ಟು ಗೆರೆ ನೋಡಬೇಕು. ಇನ್ನೊಬ್ಬ ಅವನು ಹೇಳಿದ ಕಡೆ ಒಂದೊಂದೇ ಗುಂಡು ಇಡಬೇಕು.

ಮೋಟಾರಿನವನು ಗೆರೆ ನೋಡುತ್ತಿದ್ದ. ಬಲೆಯವನು ತನ್ನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ತಂದು ಇಡುತ್ತಿದ್ದ. ಅವನ ಕೈಗಿಂತ ಬಾಯಿ ಹೆಚ್ಚು ಆಡುತ್ತಿತ್ತು.

"ಬಲಗಡೆ ಅಂದರೆ ನಿನ್ನ ಬಲವೋ ನನ್ನ ಬಲವೋ, ಸರಿಯಾಗಿ ಹೇಳು ಮಾರಾಯ. ಹೆಣ್ಣು ನೋಡಲು ಹೋದಾಗ ಇಷ್ಟು ಹೊತ್ತು ನೋಡಿದ್ದರೆ ನಿನಗೆ ಇಷ್ಟರಲ್ಲಿ ಮದುವೆಯಾಗಿರುತ್ತಿತ್ತು."

ಆ ಊರಿನ ಕೆರೆಯಲ್ಲಿ ವರ್ಷಕ್ಕೊಮ್ಮೆ ಇಂಥ ದೋಣಿಗಳ ಪಂದ್ಯ ನಡೆಯುತ್ತಿತ್ತು. ಕೆರೆಯ ನಡುವೆ ನೆಟ್ಟ ಕಂಬವನ್ನು ಸುತ್ತಿ ಮರಳಿ ಬರಬೇಕು. ಮೊದಲ ವರ್ಷ ಇವರ ಲಾಂಚು ಕೊನೆಯದಾಗಿ ಬಂತು. ಆದರೆ ಗೆರೆಯ ಮಟ್ಟಕ್ಕೆ ಕೂತು, ಅಲುಗದೆ, ನೀರನ್ನು ಮೆಲ್ಲಗೆ ಸೀಳಿಕೊಂಡು ಬಂತು. ದಡದಲ್ಲಿದ್ದ ಮುದುಕರು ದೊಡ್ಡ ಲಾಂಚೇ ಬಂದ ಹಾಗಾಯಿತು ಎಂದರು. ಮೋಟಾರಿನವನಿಗೆ ಕೇಳಿಸಿದ್ದು ಕೊನೆ ಎಂಬ ಮಾತೊಂದೇ.

ಅಷ್ಟು ಸೀಸ ಹೊತ್ತ ಮೇಲೆ ಯಾವ ದೋಣಿ ಓಡೀತು ಎಂದುಕೊಂಡ. ಮರುವರ್ಷ ಬಲೆಯವನಿಗೆ, "ಈ ಸಲ ನೀನು ಬರುವುದು ಬೇಡ. ನಾನೇ ನೋಡಿಕೊಳ್ಳುತ್ತೇನೆ" ಎಂದ. ಅಷ್ಟು ಮಾತಿನ ಬಲೆಯವನು ಸುಮ್ಮನಾದದ್ದನ್ನು ಮೋಟಾರಿನವನು ಗಮನಿಸಲಿಲ್ಲ. ದೋಣಿಯ ತಳದಿಂದ ಸೀಸವನ್ನು ಬೊಗಸೆ ಬೊಗಸೆಯಾಗಿ ತೆಗೆದು ಒಂದು ಡಬ್ಬಿಗೆ ಸುರಿದ. ಡಬ್ಬಿಯನ್ನು ಪಕ್ಕದ ಮನೆಯ ಜಗಲಿಯಲ್ಲಿಟ್ಟು ಬಂದ. ಕೂಗಿ ಹೇಳಲೂ ಇಲ್ಲ.

ತೊಟ್ಟಿಯಲ್ಲಿ ಓಡಿಸಿ ನೋಡಿದ. ಮೋಟಾರು ಹಿಂದೆಂದೂ ಇಲ್ಲದಷ್ಟು ಸದ್ದು ಮಾಡಿತು. ನೊರೆ ಎದ್ದಿತು. ಸದ್ದನ್ನೇ ಅವನು ವೇಗ ಎಂದು ತಿಳಿದ. ಸಾಲದೆಂದು ಇನ್ನೂ ದೊಡ್ಡ ಮೋಟಾರು ಕೂರಿಸಿದ.

ಪಂದ್ಯದ ದಿನ ಲಾಂಚು ನೀರಿನ ಮೇಲೆ ಎತ್ತರಕ್ಕೆ ನಿಂತಿತು. ಗೆರೆಯ ಕೆಳಗಿನ ಕೆಂಪಿನ ಬಹುಪಾಲು ಹೊರಗೆ ಕಂಡಿತು. ಅವನು ರಿಮೋಟು ಒತ್ತಿದ. ಮೋಟಾರು ಕಿರುಚಿತು. ಪಂಖ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ತಿರುಗಿತು. ಅದನ್ನು ನೀರಿನೊಳಗೆ ಹಿಡಿದಿಟ್ಟಿದ್ದು ಸೀಸವೇ ಆಗಿತ್ತು. ನೀರು ಸಿಗದ ಪಂಖ ಯಾವುದನ್ನು ತಳ್ಳಬೇಕು? ದೋಣಿ ನೊರೆ ಕಾರುತ್ತ ಅಲ್ಲೇ ಇತ್ತು. ಆಮೇಲೆ ಗಾಳಿ ಬೀಸಿತು. ಹಗುರಾದ ದೋಣಿಯನ್ನು ಗಾಳಿ ತನಗೆ ಬೇಕಾದ ಕಡೆ ಒಯ್ದಿತು. ಅಷ್ಟರಲ್ಲಿ ಬ್ಯಾಟರಿ ಮುಗಿಯಿತು.

ಉಳಿದ ದೋಣಿಗಳು ಕಂಬ ಸುತ್ತಿ ಬಂದವು. ಜನ ತಮ್ಮ ತಮ್ಮ ದೋಣಿ ಒರೆಸಿಕೊಂಡು ಮನೆಗೆ ಹೋದರು. ಮೋಟಾರಿನವನು ದಡದಲ್ಲಿ ಒಬ್ಬನೇ ಉಳಿದ. ರಿಮೋಟು ಒತ್ತಿದರೆ ಏನೂ ಆಗುತ್ತಿರಲಿಲ್ಲ. ಆದರೂ ಒತ್ತುತ್ತಿದ್ದ. ಕೊನೆಗೆ ದೋಣಿ ಆಚೆ ದಡದ ಜೊಂಡಿನಲ್ಲಿ ಸಿಕ್ಕಿಕೊಂಡಿತು. ಅವನು ಕೆರೆ ಸುತ್ತಿ ಹೋಗಿ, ಮೊಣಕಾಲುದ್ದ ಕೆಸರಿನಲ್ಲಿ ಇಳಿದು, ಅದನ್ನು ಎತ್ತಿ ತಂದ. ಏನಾಯಿತೆಂದು ದಾರಿಯಲ್ಲಿ ಅವನನ್ನು ಯಾರೂ ಕೇಳಲಿಲ್ಲ.

ಮನೆಗೆ ಬಂದು ದೋಣಿಯನ್ನು ತೊಟ್ಟಿಗಿಳಿಸಿ, ಸೀಸವಿಲ್ಲದ್ದಕ್ಕೆ ಜಲ್ಲಿಕಲ್ಲು ತುಂಬಿದ. ಕಲ್ಲಿಟ್ಟು, ಈಚೆ ಬಂದು, ಬಗ್ಗಿ ಗೆರೆ ನೋಡಿದರೆ ದೋಣಿ ಎಡಕ್ಕೆ ವಾಲಿರುತ್ತಿತ್ತು. ಎದ್ದು ಹೋಗಿ ಬಲಕ್ಕೆ ಒಂದು ಇಟ್ಟು ಬಂದರೆ ಬಲಕ್ಕೆ ವಾಲಿರುತ್ತಿತ್ತು. ಎರಡು ದಿನ ತೊಟ್ಟಿಯ ಸುತ್ತ ತಿರುಗಿದ. ಒಮ್ಮೆ ಮರೆತು, "ಹಿಂದುಗಡೆ ಇನ್ನೊಂದು ಇಡು" ಎಂದ. ಹೇಳಿದ ಮೇಲೆ ಕೆನ್ನೆಯನ್ನು ತೊಟ್ಟಿಯ ಅಂಚಿನಿಂದ ಎತ್ತಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಮೂರನೆಯ ದಿನ ಪಕ್ಕದ ಮನೆಗೆ ಹೋದ. ಬಲೆಯವನು ತಲೆ ಎತ್ತದೆ ಬಲೆ ಹೆಣೆಯುತ್ತಿದ್ದ.

"ಆ ಸೀಸ ಬೇಕಿತ್ತು," ಎಂದ ಮೋಟಾರಿನವನು.

"ಅದು ಬಲೆಗೆ ಹೋಯಿತು, ಬಲೆ ಕಡಲಿಗೆ ಹೋಯಿತು. ನೀನು ಬೇಡವೆಂದು ಬಿಟ್ಟು ಹೋದದ್ದನ್ನು ನಾನು ದೇವರ ಗೂಡಿನಲ್ಲಿಟ್ಟು ಹೂ ಏರಿಸಬೇಕಿತ್ತೇ?"

"ಹಾಗಾದರೆ ಬೇರೆ ಕೊಡು."

"ಕೊಡೋಣ. ಎಷ್ಟು?"

ಎಷ್ಟೆಂದು ಮೋಟಾರಿನವನಿಗೆ ಗೊತ್ತಿರಲಿಲ್ಲ. ಇಟ್ಟವನು ಅವನಲ್ಲ. ತೆಗೆದವನು ಅವನೇ, ಆದರೆ ತೂಗಿ ತೆಗೆದಿರಲಿಲ್ಲ. ಬರಿಗೈಯಲ್ಲಿ ತನ್ನ ಮನೆಗೆ ಹೋದ.

ಗುರುಗಳು ಇಷ್ಟಕ್ಕೆ ನಿಲ್ಲಿಸಿದರು.

"ಎಂಥ ದಡ್ಡ," ಎಂದು ಶಿಷ್ಯ ನಕ್ಕ. "ಅಷ್ಟು ದಿನ ಹೊತ್ತದ್ದು ಎಷ್ಟು ತೂಗುತ್ತದೆ ಎಂದಾದರೂ ತಿಳಿದಿರಬಾರದೇ?"

"ನಿನ್ನ ಮಗಳು ಈಗ ಎಷ್ಟು ತೂಗುತ್ತಾಳೆ?" ಎಂದರು ಗುರುಗಳು.