ಹಾರುವುದನ್ನು ಕಲಿತ ಜವಳಿ ವ್ಯಾಪಾರಿ

ನಿರಂಜನನೆಂಬ ಶಿಷ್ಯ ಒಂದು ದಿನ ಗುರುವನ್ನು ಕೇಳಿದ: “ಗುರುಗಳೇ, ಪರೀಕ್ಷಿಸದೆ ಯಾರನ್ನೂ ಗುರುವೆಂದು ಒಪ್ಪಿಕೊಳ್ಳಬಾರದು ಎನ್ನುತ್ತಾರೆ. ಆ ಪರೀಕ್ಷೆ ಮುಗಿಯಿತೆಂದು ತಿಳಿಯುವುದು ಯಾವಾಗ?”

ನಿರಂಜನ ಮಠಕ್ಕೆ ಬಂದು ವರ್ಷಗಳಾಗಿದ್ದವು. ಅಂಗಳ ಗುಡಿಸುತ್ತಿದ್ದ, ಪಾಠ ಕೇಳುತ್ತಿದ್ದ, ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದ. ಉಪದೇಶ ಪಡೆಯಲು ಮಾತ್ರ ಮುಂದೆ ಬಂದಿರಲಿಲ್ಲ. ಗುರು ಯಾರೊಂದಿಗೆ ಎಷ್ಟು ಹೊತ್ತು ಮಾತಾಡುತ್ತಾರೆ, ಯಾರನ್ನು ಕಂಡರೆ ನಗುತ್ತಾರೆ, ಯಾರನ್ನು ಕಂಡರೆ ಸುಮ್ಮನಾಗುತ್ತಾರೆ ಎಂದು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದ. ಗುರುವಿಗೆ ಇದು ಗೊತ್ತಿತ್ತು. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಬ್ಬ ಜವಳಿ ವ್ಯಾಪಾರಿಯಿದ್ದ. ಬಟ್ಟೆಯನ್ನು ಬೆರಳುಗಳ ನಡುವೆ ತಿಕ್ಕಿ ನೋಡದೆ ಅವನು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಬಣ್ಣ ಬಿಡುವುದಿಲ್ಲ ಎಂದು ನೇಕಾರ ಆಣೆ ಮಾಡಿದರೆ ಅವನೆದುರಿಗೇ ಸೆರಗನ್ನು ಒದ್ದೆ ಮಾಡಿ ಹಿಂಡುತ್ತಿದ್ದ. ಈ ಗುಣದಿಂದ ಅನೇಕ ಸಲ ಮೋಸದಿಂದ ಪಾರಾಗಿದ್ದ. ಅನುಮಾನವೇ ತನ್ನ ಮನೆದೇವರು ಎಂದು ತಮಾಷೆಗೆ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಅದು ತಮಾಷೆಯಾಗಿ ಉಳಿಯಲಿಲ್ಲ. ಮನೆಗೆ ಬಂದ ನೆಂಟ ಚೆನ್ನಾಗಿ ಮಾತಾಡಿದರೆ ಇವನಿಗೆ ಏನೋ ಬೇಕಾಗಿದೆ ಎಂದುಕೊಳ್ಳುತ್ತಿದ್ದ. ಮಾತಾಡದಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಳ್ಳುತ್ತಿದ್ದ.

ಅವನಿಗೆ ಶಾಂಭವಿ ಎಂಬ ಮಗಳು. ಒಬ್ಬಳೇ ಮಗಳು. ಅವಳು ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಧುಮುಕಿ ಇಳಿಯುವುದನ್ನು ಕಲಿತಳು. ಮೊದಮೊದಲು ಅದು ಹುಡುಗಾಟವೆಂದು ತಂದೆ ಸುಮ್ಮನಿದ್ದ. ಆದರೆ ಒಂದು ದಿನ ಮಗಳು, ಇನ್ನು ಮುಂದೆ ತಾನು ಕಲಿತ ಜಾಗದಲ್ಲೇ ಉಳಿದು ಬೇರೆಯವರಿಗೂ ಹಾರುವುದನ್ನು ಕಲಿಸುತ್ತೇನೆ, ಅದೇ ತನ್ನ ಕಸುಬು ಎಂದಳು. ತಂದೆಗೆ ದಿಗಿಲಾಯಿತು. ನನ್ನ ಮಗಳ ತಲೆ ಕೆಡಿಸಿದವರು ಯಾರು ಎಂದು ವಿಚಾರಿಸಿದ. ದೇಚಮ್ಮ ಎಂಬಾಕೆ ಕಲಿಸುತ್ತಾಳೆಂದು ತಿಳಿಯಿತು. ಆಕೆಯ ಹುಳುಕನ್ನು ಹೊರಗೆಳೆದು ಮಗಳಿಗೆ ತೋರಿಸಿ, ಕೈ ಹಿಡಿದು ಮನೆಗೆ ಕರೆತರಬೇಕೆಂದು ಹೊರಟ.

ಊರಾಚೆಯ ಬಯಲಿನಲ್ಲಿ ಒಂದು ಓಡುದಾರಿ, ಒಂದು ಸಣ್ಣ ವಿಮಾನ, ಒಂದು ತಗಡಿನ ಶೆಡ್ಡು. ದೇಚಮ್ಮ ಗಿಡ್ಡನೆಯ ಗಟ್ಟಿ ಹೆಂಗಸು. ಕೂದಲು ಅರ್ಧ ನರೆತಿತ್ತು. ವ್ಯಾಪಾರಿ ತಾನು ಬಂದ ಉದ್ದೇಶವನ್ನು ಮುಚ್ಚಿಡಲಿಲ್ಲ. ಇಲ್ಲಿ ನಡೆಯುವುದನ್ನೆಲ್ಲ ನೋಡಬೇಕು ಎಂದ. ಹೊರಗೆ ನಿಂತು ನೋಡುವವರಿಗೆ ಇಲ್ಲಿ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ, ನೋಡಲೇಬೇಕಾದರೆ ಕಲಿಯಲು ಸೇರಿ ಎಂದು ಆಕೆ ಹೇಳಿದಳು. ಇದು ತನ್ನನ್ನು ಹೆದರಿಸಿ ಓಡಿಸುವ ಉಪಾಯವೆಂದು ಅವನಿಗೆ ಅನ್ನಿಸಿತು. ಓಡುವುದಿಲ್ಲವೆಂದು ತೋರಿಸಲು ಸೇರಿಕೊಂಡ.

ಹೊಸಬರನ್ನು ಮೊದಲ ಸಲ ಕಲಿಸುವವರು ತಮ್ಮ ಎದೆಗೆ ಕಟ್ಟಿಕೊಂಡು ಹಾರುವುದು ಅಲ್ಲಿಯ ಪದ್ಧತಿ. ಅವನು ಒಪ್ಪಲಿಲ್ಲ. ನನ್ನ ಜೀವ ನಿಮ್ಮ ಬೆನ್ನಿನ ಪ್ಯಾರಾಚೂಟ್ ಚೀಲದಲ್ಲಿರುವುದು ಬೇಡ, ನನ್ನ ಚೀಲ ನನ್ನ ಬೆನ್ನಿಗಿರಲಿ ಎಂದ. ಹಾಗಿದ್ದರೆ ಹೆಚ್ಚು ದಿನ ನೆಲದ ಮೇಲೆ ಕಲಿಯಬೇಕಾಗುತ್ತದೆ, ಹಾರುವಾಗಲೂ ತಾನು ಪಕ್ಕದಲ್ಲಿ ಹಿಡಿದುಕೊಂಡೇ ಇರುತ್ತೇನೆ ಎಂದು ಆಕೆ ಹೇಳಿದಳು.

ಕಲಿಕೆ ಶುರುವಾಯಿತು. ಹಲಗೆಯ ಮೇಲೆ ಬೋರಲು ಮಲಗಿ, ಎದೆ ಎತ್ತಿ, ಕಾಲು ಚಾಚಿ, ಬೆನ್ನನ್ನು ಬಿಲ್ಲಿನಂತೆ ಬಾಗಿಸಬೇಕು. ಮಣಿಕಟ್ಟಿನ ಮೇಲಿನ ಎತ್ತರ ಮಾಪಕವನ್ನು ನೋಡಬೇಕು. ಇಂತಿಷ್ಟು ಎತ್ತರಕ್ಕೆ ಬಂದಾಗ ಬಲಗೈಯನ್ನು ಬೆನ್ನ ಹಿಂದೆ ಒಯ್ದು, ಚೀಲದ ಕೆಳಗಿನ ಹಿಡಿಯನ್ನು ಹಿಡಿದೆಳೆಯಬೇಕು. ಎಳೆದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ. ಆಕೆ ಹೇಳಿದ್ದನ್ನೆಲ್ಲ ಇವನು ಮಾಡುತ್ತಿದ್ದ. ಮಾಡುತ್ತಲೇ ಎಲ್ಲವನ್ನೂ ತಪಾಸಣೆ ಮಾಡುತ್ತಿದ್ದ. ಪ್ಯಾರಾಚೂಟಿನ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಗಾಳಿಗೆ ಹಾರಿಹೋಗುವಷ್ಟು ತೆಳು. ಇಷ್ಟು ತೆಳ್ಳನೆಯ ಬಟ್ಟೆಯನ್ನು ತನ್ನ ಅಂಗಡಿಯಲ್ಲಿ ಯಾರೂ ಒಳಲಂಗಕ್ಕೂ ಕೊಳ್ಳುವುದಿಲ್ಲ ಎಂದ. ದೇಚಮ್ಮ ಹಳೆಯದೊಂದು ತುಂಡನ್ನು ಕೊಟ್ಟು ಹರಿಯಿರಿ ಎಂದಳು. ಅವನು ಹಲ್ಲಿನಿಂದಲೂ ಎಳೆದ. ಹರಿಯಲಿಲ್ಲ. ಈ ತುಂಡನ್ನು ಬೇಕೆಂದೇ ಆರಿಸಿ ಇಟ್ಟಿದ್ದಾಳೆ ಎಂದುಕೊಂಡ.

ಒಂದು ಬೆಳಿಗ್ಗೆ ಚೀಲವೊಂದರ ತೊಡೆಪಟ್ಟಿಯ ಹೊಲಿಗೆಯಲ್ಲಿ ದಾರ ಸಡಿಲವಾಗಿದ್ದದ್ದು ಅವನ ಬೆರಳಿಗೆ ಸಿಕ್ಕಿತು. ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಗಳನ್ನೂ ಉಳಿದವರನ್ನೂ ಕರೆದು ಎಲ್ಲರೆದುರು ತೋರಿಸಿದ. ದೇಚಮ್ಮ ಬಗ್ಗಿ ನೋಡಿದಳು. ಆ ಚೀಲವನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ತನ್ನ ಕಣ್ಣಿಗೆ ಇದು ತಪ್ಪಿಹೋಗಿತ್ತು, ನೋಡಿದ್ದು ಒಳ್ಳೆಯದಾಯಿತು, ದಿನವೂ ಹೀಗೇ ನೋಡಿ ಎಂದು ಕೇಳಿಕೊಂಡಳು.

ಜಗಳಕ್ಕೆ ಸಿದ್ಧನಾಗಿದ್ದ ವ್ಯಾಪಾರಿಗೆ ಜಗಳ ಸಿಗಲಿಲ್ಲ. ತಪ್ಪನ್ನು ಇಷ್ಟು ಸುಲಭವಾಗಿ ಒಪ್ಪಿಕೊಳ್ಳುವವರನ್ನು ಅವನು ಕಂಡಿರಲಿಲ್ಲ. ಒಪ್ಪಿಕೊಂಡು ನನ್ನ ಬಾಯಿ ಮುಚ್ಚಿಸಿದಳು ಎಂದುಕೊಂಡ.

“ನಾನು ನಿಮ್ಮನ್ನು ನಂಬುವುದಿಲ್ಲ ಮೇಡಂ,” ಎಂದ.

“ನೆಲದ ಮೇಲೆ ಇರುವವರೆಗೆ ನಂಬಬೇಡಿ ಯಜಮಾನರೇ,” ಎಂದಳು ದೇಚಮ್ಮ. “ಒಂದೊಂದು ಹೊಲಿಗೆಯನ್ನೂ ಅನುಮಾನಿಸಿ. ವಿಮಾನದ ಬಾಗಿಲು ತೆರೆದ ಮೇಲೆ ಮಾತ್ರ ಅದಕ್ಕೆ ಪುರುಸೊತ್ತಿರುವುದಿಲ್ಲ.”

ಈ ಮಾತೂ ಅವನಿಗೆ ಹಿಡಿಸಲಿಲ್ಲ. ಅದಕ್ಕಿಂತ ಇನ್ನೊಂದು ಸಂಗತಿ ಅವನನ್ನು ಕೊರೆಯುತ್ತಿತ್ತು. ಹಲಗೆಯ ಮೇಲೆ ಅಭ್ಯಾಸ ಮಾಡುವಾಗ ದೇಚಮ್ಮನ ಒಂದು ಕೈ ಯಾವಾಗಲೂ ಅವನ ಚೀಲದ ಹಿಡಿಯ ಹತ್ತಿರ ಇರುತ್ತಿತ್ತು. ಅವನು ಎಷ್ಟು ಚೆನ್ನಾಗಿ ಮಾಡಿದರೂ ಆ ಕೈ ಅಲ್ಲಿಂದ ಕದಲುತ್ತಿರಲಿಲ್ಲ. ಕೇಳಿದರೆ, ಅದು ಅಲ್ಲೇ ಇರುತ್ತದೆ ಎನ್ನುತ್ತಿದ್ದಳು, ಅಷ್ಟೇ. ಅವನು ರಾತ್ರಿಯೆಲ್ಲ ಯೋಚಿಸಿ ಒಂದು ತೀರ್ಮಾನಕ್ಕೆ ಬಂದ. ತಾನು ಎಳೆಯುವ ಮೊದಲೇ ಆಕೆ ಎಳೆದುಬಿಡುತ್ತಾಳೆ. ಆಮೇಲೆ ಇವರಿಗೆ ಏನೂ ಬರಲಿಲ್ಲ ಎಂದು ಮಗಳ ಮುಂದೆ ನಗುತ್ತಾಳೆ. ಅಲ್ಲಿಗೆ ಮಗಳು ತನ್ನ ಮಾತನ್ನು ಮತ್ತೆ ಕೇಳುವುದಿಲ್ಲ. ಆ ಕೈಯ ಮೇಲೆ ಒಂದು ಕಣ್ಣಿಟ್ಟಿರಬೇಕು ಎಂದು ನಿಶ್ಚಯಿಸಿದ.

ಹಾರುವ ದಿನ ಬಂತು. ವಿಮಾನ ಮೇಲೇರಿದಂತೆ ಹೊಲಗಳು ತುಂಡು ಬಟ್ಟೆಗಳಾದವು. ಅವನ ಬಾಯಿ ಒಣಗಿತು. ತಾನು ಹೆದರುತ್ತಿದ್ದೇನೆಂದು ಒಪ್ಪಲು ಅವನಿಗೆ ಮನಸ್ಸಿರಲಿಲ್ಲ. ಬೆಳಿಗ್ಗೆ ಕೊಟ್ಟ ಚಹಾದಲ್ಲಿ ಏನೋ ಇದ್ದಿರಬೇಕು ಎಂದುಕೊಂಡ. ಬಾಗಿಲು ತೆರೆಯಿತು. ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು. ಅಷ್ಟು ದಿನ ಕಂಡವರಲ್ಲೆಲ್ಲ ಹುಳುಕು ಹುಡುಕಿದ್ದ ಮನಸ್ಸಿಗೆ ಆಗ ಒಂದು ಯೋಚನೆಯೂ ಬರಲಿಲ್ಲ. ಬಾಗಿಲಿನ ಅಂಚಿಗೆ ಬಂದದ್ದು ನೆನಪಿತ್ತು. ಅಂಚು ದಾಟಿದ್ದು ನೆನಪಿರಲಿಲ್ಲ.

ಬೀಳುತ್ತಿದ್ದೇನೆ ಎಂದು ಅವನಿಗೆ ಅನ್ನಿಸಲಿಲ್ಲ. ದೊಡ್ಡ ಹೊಳೆಯೊಂದು ಕೆಳಗಿನಿಂದ ಮೇಲಕ್ಕೆ ನುಗ್ಗಿ ತನ್ನನ್ನು ಎತ್ತಿ ಹಿಡಿದಂತಿತ್ತು. ಕಿವಿ ತುಂಬ ಭೋರ್ಗರೆತ. ಎಡಗಡೆ ಇನ್ನೊಬ್ಬ ತರಬೇತುದಾರ, ಬಲಗಡೆ ದೇಚಮ್ಮ, ಇಬ್ಬರೂ ಅವನನ್ನು ಹಿಡಿದಿದ್ದರು. ಒಂದು ಗಳಿಗೆ ಅವನಿಗೆ ಎಲ್ಲ ಮರೆತು ನಗು ಬಂತು. ಮರುಗಳಿಗೆಯೇ ಆ ಕೈ ನೆನಪಾಯಿತು. ಕತ್ತು ತಿರುಗಿಸಿ ಅದನ್ನೇ ನೋಡತೊಡಗಿದ. ಎತ್ತರ ನೋಡಿ ಎಂದು ದೇಚಮ್ಮ ಮಾಪಕ ತೋರಿಸಿದಳು. ತನ್ನ ಗಮನ ತಪ್ಪಿಸಲು ಹೀಗೆ ಮಾಡುತ್ತಿದ್ದಾಳೆಂದು ಅವನು ಆ ಕಡೆ ನೋಡಲಿಲ್ಲ. ಆಕೆ ಮತ್ತೆ ತೋರಿಸಿದಳು. ಆಮೇಲೆ ಎಳೆಯಿರಿ ಎಂದು ಬೆರಳು ಚಾಚಿದಳು.

ಆಗ ಅವನಿಗೆ ಅರ್ಥವಾಯಿತು. ಹೊತ್ತು ಬಂದಿತ್ತು. ಆಕೆ ಇನ್ನೂ ಎಳೆದಿರಲಿಲ್ಲ. ಅವನಿಗೆ ಬಿಟ್ಟಿದ್ದಳು. ಎಳೆ ಎಂದು ತನ್ನ ಬಲಗೈಗೆ ಹೇಳಿದ. ಕೈ ಬರಲಿಲ್ಲ. ಮತ್ತೆ ಹೇಳಿದ. ಬರಲಿಲ್ಲ. ಯಾಕೆಂದು ನೋಡಿದರೆ, ಅದು ಯಾವಾಗಲೋ ಹೋಗಿ ದೇಚಮ್ಮನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಬಿಡು ಎಂದರೆ ಬಿಡುತ್ತಿರಲಿಲ್ಲ. ಬಾವಿಗೆ ಬಿದ್ದವನು ಹಗ್ಗ ಹಿಡಿದಂತೆ ಹಿಡಿದಿತ್ತು. ಜೀವಮಾನದಲ್ಲಿ ಅವನು ಎಲ್ಲರ ಕೈಯನ್ನೂ ಅನುಮಾನಿಸಿದ್ದ. ಕೈಕೊಟ್ಟದ್ದು ಅವನದೇ ಕೈ.

ದೇಚಮ್ಮ ಇನ್ನೊಂದು ಕೈಯಿಂದ ಹಿಡಿಯನ್ನು ಎಳೆದಳು.

ಯಾರೋ ಹೆಗಲು ಹಿಡಿದು ಮೇಲಕ್ಕೆ ಜಗ್ಗಿದಂತಾಯಿತು. ಅವನ ಬೆರಳುಗಳು ಕಿತ್ತುಬಂದವು. ಭೋರ್ಗರೆತ ನಿಂತಿತು. ತಲೆಯ ಮೇಲೆ ಆ ತೆಳ್ಳನೆಯ ಬಟ್ಟೆ ಅರಳಿ ನಿಂತಿತ್ತು. ಇನ್ನೊಬ್ಬ ತರಬೇತುದಾರನ ಪ್ಯಾರಾಚೂಟ್ ದೂರದಲ್ಲಿ ಆಗಲೇ ಬಿಚ್ಚಿಕೊಂಡಿತ್ತು. ಕೆಳಗೆ ನೋಡಿದ. ದೇಚಮ್ಮ ಕಲ್ಲಿನಂತೆ ಬೀಳುತ್ತಲೇ ಇದ್ದಳು, ಚಿಕ್ಕವಳಾಗುತ್ತಲೇ ಇದ್ದಳು. ಅವಳ ಪ್ಯಾರಾಚೂಟ್ ತೆರೆಯಲಿಲ್ಲ. ಇನ್ನೂ ತೆರೆಯಲಿಲ್ಲ. ತಾನು ಹಿಡಿದುಕೊಂಡು ತಡಮಾಡಿದ್ದರಿಂದ ಆಕೆ ಇಷ್ಟು ಕೆಳಗೆ ಹೋಗಬೇಕಾಯಿತು ಎಂದು ಅವನಿಗೆ ಹೊಳೆಯಿತು. ಇನ್ನೊಬ್ಬರು ಬದುಕಲಿ ಎಂದು ಅವನು ಹಾಗೆ ಬೇಡಿಕೊಂಡದ್ದು ಎಷ್ಟೋ ವರ್ಷಗಳ ಮೇಲೆ. ಕೊನೆಗೆ ನೆಲದ ಹತ್ತಿರ ಆಕೆಯ ಪ್ಯಾರಾಚೂಟ್ ಬಿಚ್ಚಿಕೊಂಡಿತು.

ಆಗ ಕಿವಿಯ ಹತ್ತಿರದ ರೇಡಿಯೋದಲ್ಲಿ ಶಾಂಭವಿಯ ದನಿ ಕೇಳಿತು. ಬಯಲಿನಲ್ಲಿ ನಿಂತು, ಇಳಿಯುವವರಿಗೆ ದಾರಿ ಹೇಳುವ ಕೆಲಸ ಆ ದಿನ ಅವಳದಾಗಿತ್ತು.

“ಅಪ್ಪಾಜಿ, ಎಡಗಡೆಯ ಹಗ್ಗ ಎಳೆಯಿರಿ. ಮೆಲ್ಲಗೆ.”

ಅವನು ಎಳೆದ. ಇನ್ನು ಬಲಗಡೆ ಎಂದಳು. ಬಲಗಡೆ ಎಳೆದ. ಈಗ ಎರಡನ್ನೂ ಬಿಡಿ ಎಂದಳು. ಬಿಟ್ಟ. ಯಾಕೆ ಎಂದು ಕೇಳಲಿಲ್ಲ. ಕೇಳಿದರೂ ಅವಳಿಗೆ ಕೇಳಿಸುತ್ತಿರಲಿಲ್ಲ. ಮಗಳು ಹೇಳಿದ ಕಡೆಗೆ ತಿರುಗುತ್ತ, ಹೇಳಿದಾಗ ಕಾಲು ಜೋಡಿಸುತ್ತ ಬಂದು, ಹುಲ್ಲಿನ ಮೇಲೆ ಮೊಣಕಾಲೂರಿ ಬಿದ್ದ.

ಕಾಲ ಕೆಳಗೆ ನೆಲ ಸಿಕ್ಕಿದ ಮೇಲೆ ಹಳೆಯ ಚಾಳಿಯೂ ಬಂತು. ದೇಚಮ್ಮ ಬಂದು ಪೆಟ್ಟಾಯಿತೇ ಎಂದು ವಿಚಾರಿಸುವ ಮೊದಲೇ, ತಾನು ಇನ್ನೇನು ಎಳೆಯುವುದರಲ್ಲಿದ್ದೆ, ನೀವೇ ಅವಸರ ಮಾಡಿದಿರಿ ಎಂದುಬಿಟ್ಟ. ಆಕೆ ಬಿಸಿಲಿಗೆ ಅಂಗಿಯ ತೋಳನ್ನು ಮಡಚಿಕೊಂಡಳು. ಮೊಣಕೈಯ ಕೆಳಗೆ ಐದು ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಆಕೆ ಅದನ್ನು ತೋರಿಸಲು ಮಡಚಲಿಲ್ಲ. ಆದರೂ ಅವನು ನೋಡಿದ. ನೋಡಿ ತಲೆ ತಗ್ಗಿಸಿದ.

ತಲೆ ಎತ್ತದೆಯೇ, “ನಿಮಗೆ ನನ್ನ ಮೇಲೆ ಅನುಮಾನ ಇರಲಿಲ್ಲವೇ ಮೇಡಂ?” ಎಂದು ಕೇಳಿದ.

“ಇತ್ತು,” ಎಂದಳು ದೇಚಮ್ಮ. “ಅದಕ್ಕೇ ಜೊತೆಯಲ್ಲಿ ಹಾರಿದೆ.”

ವ್ಯಾಪಾರಿ ಅಂದೇ ಊರಿಗೆ ಹೊರಟ. ಮಗಳನ್ನು ಕರೆಯಲಿಲ್ಲ. ಹೊರಡುವ ಮೊದಲು ಅವಳು ತನ್ನ ಸರದಿಗೆ ಚೀಲ ಕಟ್ಟಿಕೊಂಡು ನಿಂತಿದ್ದಳು. ಅವನು ಹತ್ತಿರ ಹೋಗಿ ಎದೆಪಟ್ಟಿ, ತೊಡೆಪಟ್ಟಿ ಎಲ್ಲವನ್ನೂ ಜಗ್ಗಿ ನೋಡಿದ. ಹೊಲಿಗೆಗಳ ಮೇಲೆ ಬೆರಳಾಡಿಸಿದ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ಹೋಗಿ ಬಾ ಎಂದ. ಅವನು ಅನುಮಾನ ಪಡುವುದನ್ನು ಬಿಡಲಿಲ್ಲ. ಅಂಗಡಿಯಲ್ಲಿ ಈಗಲೂ ಸೆರಗನ್ನು ಒದ್ದೆ ಮಾಡಿ ಹಿಂಡುತ್ತಾನೆ. ಹಿಂಡಿದ ಮೇಲೆ ಮಾತ್ರ ನೇಕಾರನನ್ನು ಕೂರಿಸಿ ಊಟ ಹಾಕುತ್ತಾನೆ. ಮೊದಲು ಹಾಗೆ ಮಾಡುತ್ತಿರಲಿಲ್ಲ.

ಕತೆ ಮುಗಿಯಿತು. ನಿರಂಜನನಿಗೆ ಸಮಾಧಾನವಾಗಲಿಲ್ಲ.

“ವ್ಯಾಪಾರಿಯದು ಇರಲಿ, ಗುರುಗಳೇ,” ಎಂದ. “ಆಕೆ ಕಲಿಸುವವಳು, ತಿಳಿದವಳು. ಅವನ ಮೇಲೆ ಅನುಮಾನವಿದ್ದ ಮೇಲೆ, ಅವನನ್ನು ಪೂರ್ತಿ ಪರೀಕ್ಷಿಸದೆ ತನ್ನ ಜೀವ ಒಡ್ಡಿ ಅವನ ಜೊತೆ ಹಾರಿದ್ದು ಸರಿಯೇ?”

ಗುರು ಅವನ ಮುಖ ನೋಡಿ ಹೇಳಿದರು: “ನಿನ್ನನ್ನು ಪೂರ್ತಿ ಪರೀಕ್ಷಿಸಿದ ಮೇಲೆಯೇ ಒಳಗೆ ಕರೆಯಬೇಕೆಂದು ನಾನು ಕೂತಿದ್ದರೆ, ನಿರಂಜನ, ನೀನು ಇಂದಿಗೂ ಮಠದ ಬಾಗಿಲಾಚೆಯೇ ನಿಂತಿರುತ್ತಿದ್ದೆ.”