ಔಟಾಗದ ಹುಡುಗಿ

"ಬುದ್ಧಿ, ಗುಂಪಿನಲ್ಲಿ ಬೆರೆಯಲಾಗದ ಮಗುವನ್ನು ಗುಂಪಿನ ಆಟಕ್ಕೆ ಎಳೆದು ತರುವುದು ಸರಿಯೇ?"

ಮಠದ ಗುರುಗಳನ್ನು ಹೀಗೆ ಕೇಳಿದವನು ಮಹಲಿಂಗ. ಮಠದ ಶಾಲೆಯ ಮಕ್ಕಳಿಗೆ ಸಂಜೆ ಕಬಡ್ಡಿ ಆಡಿಸುವುದು ಅವನ ಸೇವೆ. ಆಟಿಸಂ ಇರುವ ಹುಡುಗನೊಬ್ಬ ಆ ಗುಂಪಿಗೆ ಸೇರಿದ್ದ. ಅವನನ್ನು ಯಾರೂ ಹಿಡಿಯಬಾರದು, ಕೆಡವಬಾರದು ಎಂದು ಮಹಲಿಂಗ ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿದ್ದ. ಆದರೂ ಹುಡುಗ ದಿನವೂ ಅಳುತ್ತಿದ್ದ. ನಾಳೆ ಅವನ ತಂದೆಯನ್ನು ಕರೆಸಿ, ಇನ್ನು ಕಳಿಸಬೇಡಿ ಎಂದು ಹೇಳಿಬಿಡಲು ಮಹಲಿಂಗ ನಿಶ್ಚಯಿಸಿದ್ದ. ಗುರುಗಳ ಬಾಯಿಂದಲೂ ಒಂದು ಹೂಂ ಬಂದುಬಿಟ್ಟರೆ ಮನಸ್ಸಿಗೆ ನೆಮ್ಮದಿ, ಅಷ್ಟೆ.

ಗುರುಗಳು ಹೂಂ ಎನ್ನಲಿಲ್ಲ. ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಉಪಾಧ್ಯಾಯನಿದ್ದ. ಮಕ್ಕಳಿಗೆ ಖೋ-ಖೋ ಕಲಿಸುತ್ತಿದ್ದ. ಒಳ್ಳೆಯ ಮನುಷ್ಯ. ತಾನು ಒಳ್ಳೆಯವನೆಂಬುದು ಅವನಿಗೂ ಕೊಂಚ ಗೊತ್ತಿತ್ತು. ಒಬ್ಬ ತಾಯಿ ತನ್ನ ಮಗಳನ್ನು ಅವನ ಬಳಿಗೆ ಕರೆತಂದಳು. ಆ ಹುಡುಗಿಗೂ ಆಟಿಸಂ. ಮಾತು ಕಡಿಮೆ, ಯಾರ ಮುಖವನ್ನೂ ನೇರವಾಗಿ ನೋಡುತ್ತಿರಲಿಲ್ಲ. ಆದರೆ ಓಟದಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಮಗಳು ನಾಲ್ಕು ಮಕ್ಕಳ ಜೊತೆಗಿರಲಿ ಎಂಬುದಷ್ಟೇ ತಾಯಿಯ ಆಸೆ.

ಉಪಾಧ್ಯಾಯ ಮಕ್ಕಳನ್ನು ಕರೆದ. ನಿಮ್ಮ ಪುಟ್ಟ ತಮ್ಮ ತಂಗಿಯರನ್ನು ಆಟಕ್ಕೆ ಸೇರಿಸಿಕೊಂಡು, ಮುಟ್ಟಿದರೂ ಔಟೆನ್ನದೆ ಬಿಡುತ್ತೀರಲ್ಲ, ಇವಳನ್ನೂ ಹಾಗೆಯೇ ನೋಡಿಕೊಳ್ಳಿ ಎಂದ. ಎಲ್ಲ ಮಕ್ಕಳಿಗೂ ಗೊತ್ತಿರುವ ರೂಢಿ. ತಕ್ಷಣ ಒಪ್ಪಿಕೊಂಡರು.

ಆಟ ಶುರುವಾಯಿತು. ಅಟ್ಟಿಸಿಕೊಂಡು ಬಂದವರು ಹುಡುಗಿಯನ್ನು ಮುಟ್ಟಿ, ನಕ್ಕು, ಬಿಟ್ಟುಬಿಡುತ್ತಿದ್ದರು. ಅವಳು ಮಾತ್ರ ನೆಟ್ಟಗೆ ಸುಣ್ಣದ ಗೆರೆ ದಾಟಿ, ಔಟಾದವರು ಕೂರುವ ಜಾಗಕ್ಕೆ ಹೋಗಿ ಕೂರುತ್ತಿದ್ದಳು. ಮಕ್ಕಳು ಓಡಿಹೋಗಿ, ನೀನು ಔಟಲ್ಲ ಬಾರೇ ಎಂದು ಮುದ್ದಿನಿಂದ ಕೈಹಿಡಿದು ಎಬ್ಬಿಸುತ್ತಿದ್ದರು. ಹುಡುಗಿ ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು.

ಗದ್ದಲಕ್ಕೆ ಹೆದರುತ್ತಾಳೆ ಎಂದು ಉಪಾಧ್ಯಾಯನಿಗೆ ಅನ್ನಿಸಿತು. ಕೂಗಬೇಡಿ, ಮೆಲ್ಲಗೆ ಆಡಿ ಎಂದ. ಮಕ್ಕಳು ಗುಟ್ಟು ಹೇಳುವ ಹಾಗೆ ಬೆನ್ನ ಹಿಂದೆ ಬಂದು ಖೋ ಎಂದರು. ಔಟಾದವರ ಜಾಗದಿಂದ ಎಬ್ಬಿಸಿದಾಗ ಹುಡುಗಿ ಮತ್ತೆ ಚೀರಿದಳು. ಹಾಗಾದರೆ ಓಟದ ರಭಸಕ್ಕೆ ಹೆದರುತ್ತಾಳೆ ಎಂದುಕೊಂಡು, ನಿಧಾನವಾಗಿ ಓಡಿ ಎಂದ. ಮಕ್ಕಳು ತುಂಬಿದ ಕೊಡ ಹೊತ್ತವರಂತೆ ಓಡಿದರು. ಆಗಲೂ ಚೀರಿದಳು. ಅಷ್ಟರಲ್ಲಿ ಆಟ ಸಪ್ಪೆಯಾಗಿತ್ತು. ಹೊಟ್ಟೆನೋವು, ಮನೆಗೆ ನೆಂಟರು ಬಂದಿದ್ದಾರೆ ಎಂದೆಲ್ಲ ನೆಪ ಹೇಳಿ ಮಕ್ಕಳು ಜಾರಿಕೊಳ್ಳತೊಡಗಿದರು.

ಕೊನೆಗೆ ಉಪಾಧ್ಯಾಯ ತಾಯಿಯನ್ನು ಕರೆಸಿದ.

"ಗುಂಪಿನ ಆಟ ಇವಳಿಗೆ ಆಗಿಬರೋದಿಲ್ಲ ಕಣಮ್ಮ. ಸುಮ್ಮನೆ ಹಿಂಸೆ."

"ಸಂಜೆ ಆಯ್ತು ಅಂದ್ರೆ ತಾನೇ ಚಪ್ಪಲಿ ಮೆಟ್ಕೊಂಡು ಬಾಗಿಲಲ್ಲಿ ನಿಂತಿರ್ತಾಳೆ ಮೇಷ್ಟ್ರೇ," ಎಂದಳು ತಾಯಿ. "ಬೇಡದೆ ಇದ್ರೆ ಹಂಗೆ ನಿಂತ್ಕೋತಾಳಾ?"

ಉಪಾಧ್ಯಾಯ, ಆಯಿತು, ಇವತ್ತೊಂದು ಸಂಜೆ ಆಡಲಿ ಎಂದ. ತಾಯಿ ಬಯಲಿನಾಚೆ ಹೋಗಿ ನಿಂತಳು. ಅವಳ ಮುಖ ನೋಡಲು ಅವನಿಗೆ ಸಂಕಟವಾಯಿತು.

ಅಂದು ಆಟಕ್ಕೆ ಹೊಸಬಳೊಬ್ಬಳು ಬಂದಿದ್ದಳು. ರಜೆಗೆಂದು ಸೋದರತ್ತೆಯ ಮನೆಗೆ ಬಂದವಳು. ಹುಡುಗಿಯನ್ನು ಔಟೆನ್ನಬಾರದೆಂಬ ಏರ್ಪಾಡನ್ನು ಅವಳಿಗೆ ಹೇಳಲು ಎಲ್ಲರೂ ಮರೆತರು. ಅವಳು ಬಿರುಸಾಗಿ ಅಟ್ಟಿಸಿಕೊಂಡು ಹೋಗಿ ಹುಡುಗಿಯ ಬೆನ್ನಿಗೆ ಬಡಿದು, "ಔಟ್!" ಎಂದು ಬಯಲೆಲ್ಲ ಕೇಳುವ ಹಾಗೆ ಕೂಗಿದಳು.

ಮಕ್ಕಳೆಲ್ಲ ಗಕ್ಕನೆ ನಿಂತರು. ಉಪಾಧ್ಯಾಯ ಹೊಸಬಳನ್ನು ಗದರಿ ಮುಂದಕ್ಕೆ ಓಡಿದ. ಅಷ್ಟರಲ್ಲಿ ಹುಡುಗಿ ಸುಣ್ಣದ ಗೆರೆ ದಾಟಿದ್ದಳು. ಔಟಾದವರ ಸಾಲಿನಲ್ಲಿ, ಕೊನೆಯವಳ ಪಕ್ಕದಲ್ಲಿ, ಅವಳ ಹಾಗೆಯೇ ಮಂಡಿ ಮಡಚಿ ಕುಳಿತಳು. ಉಪಾಧ್ಯಾಯ ಎಂದಿನಂತೆ ಅವಳನ್ನು ಎಬ್ಬಿಸಲು ಕೈ ಚಾಚಿದ.

ಪಕ್ಕದಲ್ಲಿ ಕುಳಿತಿದ್ದವಳು, "ಅವಳು ಔಟಾಗಿದ್ದಾಳೆ, ಬಿಡಿ ಸಾರ್," ಎಂದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹುಡುಗಿ ಚೀರಲಿಲ್ಲ. ಕಿವಿಯನ್ನೂ ಮುಚ್ಚಿಕೊಳ್ಳಲಿಲ್ಲ. ಸರದಿ ಬದಲಾದಾಗ ಸಾಲಿನವರ ಜೊತೆ ತಾನೂ ಎದ್ದು ಬಂದು ತನ್ನ ಚೌಕದಲ್ಲಿ ಕುಳಿತಳು. ಬೆನ್ನ ಹಿಂದೆ ಖೋ ಎಂದಾಗ ಎದ್ದು ಓಡಿದಳು. ಮೊದಲ ದಿನದಿಂದಲೂ ಅವಳು ಆಟದ ನಿಯಮದಂತೆಯೇ ನಡೆಯುತ್ತಿದ್ದಳು, ತಪ್ಪುತ್ತಿದ್ದವರು ತಾವೆಲ್ಲ ಎಂಬುದು ಉಪಾಧ್ಯಾಯನಿಗೆ ಆಗ ತಿಳಿಯಿತು. ಅವನಿಗೆ ತುಂಬಾ ನಾಚಿಕೆಯಾಯಿತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮಹಲಿಂಗ ತಲೆ ಕೆರೆದುಕೊಂಡ. "ಬುದ್ಧಿ, ನಮ್ಮ ಹುಡುಗನಿಗೆ ನಾವು ಏನೂ ಕಡಿಮೆ ಮಾಡಿಲ್ಲ. ಒಂದು ದಿನವೂ ಸೋಲಲು ಬಿಟ್ಟಿಲ್ಲ. ಇನ್ನೇನು ಕೊಡಬೇಕು ಅವನಿಗೆ?"

"ಉಳಿದ ಮಕ್ಕಳಿಗೆಲ್ಲ ಹಂಚಿದ ಸೋಲನ್ನು ಅವನೊಬ್ಬನಿಗೆ ಯಾಕೆ ಕೊಡಲಿಲ್ಲ, ಮಹಲಿಂಗ?" ಎಂದರು ಗುರುಗಳು.